ರಸ್ತೆಯಾಚೆಯ ಡೇರಿ

ಗುರುಬಸಮ್ಮ ಸೊಸೆಯನ್ನು ಕೇಳಿಕೊಂಡದ್ದು ಒಂದೇ ಒಂದು ತಿಂಗಳು. ದಸರಾ ರಜೆ ಬರುವವರೆಗೆ. ಅಷ್ಟರಲ್ಲಿ ಹುಡುಗರಿಬ್ಬರೂ ಹೇಳಿದ ಮಾತು ಕೇಳಿಕೊಂಡು ಮನೆಯಲ್ಲಿದ್ದರೆ ಸರಿ. ಇಲ್ಲವಾದರೆ ಚಿಕ್ಕವನು ಕಿರಣ ನರಸೀಪುರದ ಅಜ್ಜಿಯ ಮನೆಗೆ, ಅಲ್ಲಿಯ ಶಾಲೆಗೆ. ದೊಡ್ಡವನು ಹೇಮಂತ ಮಾತ್ರ ಇಲ್ಲಿ.

ಈ ಮಾತು ಹುಟ್ಟಿದ್ದು ನಾಲೆಯಿಂದ. ಭಾದ್ರಪದದ ಮೊದಲ ವಾರ, ಒಂಬತ್ತು ವರ್ಷದ ಹೇಮಂತನೂ ಆರು ವರ್ಷದ ಕಿರಣನೂ ಹಸುವಿಗೆ ಬೂಸಾ ಕಲಸುವ ಪ್ಲಾಸ್ಟಿಕ್ ಬಾನಿಯನ್ನು ನಾಲೆಗೆ ಇಳಿಸಿ, ಅದರೊಳಗೆ ಕೂತು ತೂಬಿನವರೆಗೆ ತೇಲಿಕೊಂಡು ಹೋಗಿದ್ದರು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹುಚ್ಚಯ್ಯ ಸೊಂಟದ ಮಟ್ಟ ನೀರಿಗಿಳಿದು ಎಳೆದು ತಂದ. ಬಾನಿಯನ್ನು ತಲೆಯ ಮೇಲೆ ಹೊತ್ತು, ಇಬ್ಬರನ್ನೂ ಮುಂದೆ ನಡೆಸಿಕೊಂಡು ಬಂದು ಜಗಲಿಯ ಮುಂದೆ ನಿಂತ.

"ತಗೊಳವ್ವ ನಿನ್ ಮೊಮ್ಮಕ್ಕಳ. ದೊಡ್ಡದು ಹುಟ್ಟು ಆಕ್ತಿತ್ತು, ಚಿಕ್ಕದು ಟಿಕೀಟು ಅರೀತಿತ್ತು."

ಗುರುಬಸಮ್ಮನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಒದ್ದೆ ತಲೆಗಳನ್ನು ಸೆರಗಿನಲ್ಲಿ ಒರೆಸುತ್ತಾ "ಶಿವಾ, ಶಿವಾ" ಎಂದಳು.

ಸೊಸೆ ನಯನ ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಬೆಳಗ್ಗೆ ಏಳೂವರೆಗೆ ವ್ಯಾನು ಹತ್ತಿದರೆ ಇಳಿಯುವುದು ಸಂಜೆ ಆರೂಕಾಲಿಗೆ. ಅವಳ ಗಂಡ ಮದನನದು ಅಲ್ಲೇ ಇನ್ನೊಂದು ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಅವತ್ತು ಸಂಜೆ ಅವಳು ಬ್ಯಾಗನ್ನು ಗೂಟಕ್ಕೆ ಹಾಕುವ ಮೊದಲೇ ಸುದ್ದಿ ಕಿವಿಗೆ ಬಿದ್ದಿತ್ತು.

"ಫೋನು ಹೊಡ್ಕೊಂಡ್ರೆ ಸಾಕು ಅತ್ತೆ, ನನ್ ಎದೆ ಹೊಡ್ಕೋತದೆ. ಸೂಜಿ ಬೆರಳಿಗೆ ಇಳಿದ್ರೂ ಗೊತ್ತಾಗಲ್ಲ. ಇಬ್ರೂ ಒಟ್ಟಿಗಿದ್ರೆ ನಿಮ್ ಕೈಲೂ ಆಗಲ್ಲ, ಆ ದೇವ್ರ ಕೈಲೂ ಆಗಲ್ಲ. ಒಬ್ಬನ್ನ ಕಳ್ಸು ಅಂತ ನಮ್ಮವ್ವ ವರ್ಷದಿಂದ ಹೇಳ್ತಾವ್ಳೆ."

"ಒಂದ್ ಕಣ್ಣ ಅಲ್ಲಿಟ್ಟು ಒಂದ್ ಕಣ್ಣ ಇಲ್ಲಿಟ್ಕಳದಾ ಮಗಳೇ? ಒಂದ್ ತಿಂಗ್ಳು ಕೊಡು ನಂಗೆ."

"ದೊಡ್ಡೋರಿಲ್ದೆ ರಸ್ತೆ ದಾಟಕೂಡದು. ನಾಲೆ ಕಡೆ ಮುಖ ಮಾಡಕೂಡದು. ದಾಟಿದ್ದು ಗೊತ್ತಾಯ್ತೋ, ಅವತ್ತೇ ಕಿರಣನ ಬಟ್ಟೆ ಕಟ್ತೀನಿ."

ಗುರುಬಸಮ್ಮ ಸೆರಗಿನೊಳಗೆ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿದಳು. "ನನ್ ಲಿಂಗದಾಣೆ. ದಾಟಾಕೆ ಬುಡಲ್ಲ."

ಆಣೆ ಅವಳ ಬಾಯಲ್ಲಿ ಸುಮ್ಮನೆ ಬರುವ ಮಾತಲ್ಲ. ಮದುವೆಯಾಗಿ ಬಂದ ಈ ನಲವತ್ತೆಂಟು ವರ್ಷದಲ್ಲಿ, ಅಂಗೈಯಲ್ಲಿ ಲಿಂಗವಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸದೆ ಅವಳು ಒಂದು ಗುಟುಕು ಕಾಫಿ ಕುಡಿದದ್ದಿಲ್ಲ. ಅದಕ್ಕೆಂದೇ ಮದನ ಅಮಾವಾಸ್ಯೆಗೊಮ್ಮೆ ನಂಜನಗೂಡಿನ ಸ್ನಾನಘಟ್ಟದಿಂದ ಕಪಿಲೆಯ ನೀರು ತಂದು ದೇವರ ಕೋಣೆಯ ಹಿತ್ತಾಳೆ ಬಿಂದಿಗೆಗೆ ತುಂಬುತ್ತಿದ್ದ. ಸೋಮವಾರಕ್ಕೊಮ್ಮೆ ಅವಳು ಬಿಂದಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಪೂಜೆಯ ಗಿಂಡಿಯನ್ನು ತುಂಬಿಕೊಂಡರೆ ಅದು ವಾರಕ್ಕೆಲ್ಲ ಸಾಕು.

ಮೊದಲ ಹತ್ತು ದಿನ ಎಲ್ಲ ನೆಟ್ಟಗೆ ನಡೆಯಿತು. ಶಾಲೆ ಬಿಟ್ಟು ಬಂದ ಹುಡುಗರಿಗೆ ಅವಲಕ್ಕಿ ಕಲಸಿ ಕೊಟ್ಟು, ಜಗಲಿಯ ಮೇಲೆ ಕೂಡಿಸಿ, ಎದುರು ಮೊರ ಹಿಡಿದು ಕೂರುವಳು. ಅವರು ಕಂಬ ಹತ್ತಿದರೆ ಮೊರ ಕೆಳಗೆ. ಇಳಿದರೆ ಮೊರ ಮೇಲೆ. ಸಂಜೆ ಮದನ ಮನೆಯಲ್ಲಿದ್ದರೆ ಅವನು, ಇಲ್ಲದಿದ್ದರೆ ತಾನೇ ಹಸು ಕರೆದು, ಐದು ಲೀಟರಿನ ಕ್ಯಾನು ಹಿಡಿದು, ಹುಡುಗರನ್ನು ಪಕ್ಕದ ಮನೆಯ ಕಣ್ಣಿಗೆ ಒಪ್ಪಿಸಿ ಡೇರಿಗೆ ಹೊರಡುವಳು.

ಡೇರಿ ರಸ್ತೆಯಾಚೆ. ಮೊದಲು ಅದು ಎತ್ತಿನ ಗಾಡಿಯೂ ಸೈಕಲ್ಲೂ ಓಡಾಡುವ ರಸ್ತೆ. ಈಗ ಅಗಲ ಮಾಡಿದ್ದಾರೆ. ಜಲ್ಲಿ ತುಂಬಿದ ಟಿಪ್ಪರುಗಳು ತಗಡೂರಿನ ಕಡೆಯಿಂದ ಬೆನ್ನಟ್ಟಿ ಬಂದ ಹಾಗೆ ಬರುತ್ತವೆ. ಹನ್ನೊಂದನೆಯ ದಿನ ಮಳೆ ಹಿಡಿಯಿತು, ಗುರುಬಸಮ್ಮನ ಬಲ ಮಂಡಿ ಊದಿ ಎಲೆಕೋಸಿನಂತಾಯಿತು. ಕ್ಯಾನು ಹಿಡಿದು ಹೊಸ್ತಿಲು ದಾಟಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಕೊಡಜ್ಜಿ, ನಾವು ಓಯ್ತೀವಿ," ಎಂದ ಹೇಮಂತ. "ಒಂದ್ ಕಡೆ ನಾನ್ ಇಡ್ಕೋತೀನಿ, ಒಂದ್ ಕಡೆ ಇವ್ನು."

"ನಾನು ಲೆಫ್ಟು," ಎಂದ ಕಿರಣ.

ಆಣೆ ನೆನಪಾಗದೆ ಇರಲಿಲ್ಲ. ಡೇರಿ ಮುಚ್ಚಲು ಇನ್ನು ಅರ್ಧ ಗಂಟೆಯಷ್ಟೇ ಇದ್ದದ್ದೂ ಕಾಣುತ್ತಿತ್ತು. ಜಗಲಿಯ ಮೇಲಿಂದ ನೋಡುತ್ತಲೇ ಇರುತ್ತೇನಲ್ಲ, ನನ್ನ ಕಣ್ಣೇ ದೊಡ್ಡವರು ಎಂದು ಮನಸ್ಸಿಗೆ ಹೇಳಿಕೊಂಡಳು. ಹುಡುಗರು ರಸ್ತೆಯ ಅಂಚಿನಲ್ಲಿ ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮದುವೆಯ ಕಳಸ ಹೊತ್ತವರ ಹಾಗೆ ದಾಟಿದರು. ವಾಪಸು ಬಂದಾಗ ತಲೆಗೊಂದು ಬೆಲ್ಲದಚ್ಚು ಕೊಟ್ಟು, "ಅಮ್ಮಂಗೆ ಯೋಳ್ಬೇಡ್ರಪ್ಪ" ಎಂದಳು. ಅವತ್ತಿನಿಂದ ಅದೇ ರೂಢಿಯಾಯಿತು. ದಿನ ಕಳೆದ ಹಾಗೆ ಜಗಲಿಗೆ ಬಂದು ನೋಡುವುದೂ ತಪ್ಪಿತು. ಆ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿರುತ್ತಿತ್ತು.

ಮಹಾಲಯದ ಪಕ್ಷ ಹಿಡಿದ ಮೇಲೆ ಒಂದು ಬುಧವಾರ ಬೆಳಗ್ಗೆ ನಯನ ಹುಡುಗರಿಗೆ ಸ್ನಾನ ಮಾಡಿಸುತ್ತಿದ್ದವಳು ಚೊಂಬನ್ನು ಕೆಳಗಿಟ್ಟಳು. ಕಿರಣನ ಬಲ ತೋಳಿನ ಮೇಲೆ ನಾಲ್ಕು ಬೆರಳು ನೀಲಿಗಟ್ಟಿ ಮೂಡಿದ್ದವು.

"ಯಾರೋ ಹಿಂಗೆ ಹಿಡ್ದಿದ್ದು?"

ಕಿರಣ ಅಣ್ಣನ ಮುಖ ನೋಡಿದ. ಹೇಮಂತ ಸೋಪು ತಿಕ್ಕಿಕೊಳ್ಳುತ್ತಲೇ, "ನಾನೇ," ಎಂದ.

"ಯಾಕೋ?"

ಹುಡುಗ ಸೋಪಿನ ನೊರೆಯನ್ನು ಮುಖಕ್ಕೆ ಹಚ್ಚಿಕೊಂಡ. ನಯನಳ ಕೈ ಅವನ ಒದ್ದೆ ಬೆನ್ನಿನ ಮೇಲೆ ಎರಡು ಸಲ ಬಿತ್ತು. "ಆರು ವರ್ಷದ ಕೂಸು ಕಣೋ ಅದು! ಇವ್ನ ಜೊತೆ ಬಿಟ್ರೆ ಒಂದಿನ ಕೊಂದೇ ಹಾಕ್ತಾನೆ. ನೋಡಿದ್ರಾ ಅತ್ತೆ? ಇದಕ್ಕೇ ನಾನು ಬೇರೆ ಮಾಡ್ಬೇಕು ಅಂದದ್ದು."

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಗುರುಬಸಮ್ಮ ತೋಳನ್ನು ನೋಡಿ ಹೌಹಾರಿದಳು. "ಬೆನ್ನಿಗ್ ಬಿದ್ದೋನ್ನ ಇಂಗಾ ಇಡ್ಕಳದು? ರಾಕ್ಷಸ ಕಣ್ಲಾ ನೀನು," ಎಂದು ಅವಳೂ ಬೈದಳು. ಹೇಮಂತ ಅಜ್ಜಿಯನ್ನು ಒಮ್ಮೆ ನೋಡಿ ತಲೆಯ ಮೇಲೆ ನೀರು ಸುರಿದುಕೊಂಡ.

ವ್ಯಾನು ಹೋದ ಸ್ವಲ್ಪ ಹೊತ್ತಿಗೆ ಡೇರಿಯ ಕಾರ್ಯದರ್ಶಿ ಚಲುವಯ್ಯ ಬಂದ. ಕೈಯಲ್ಲೊಂದು ಪುಟ್ಟ ಸೀಸೆ, ಅದರಲ್ಲಿ ತೆಳುವಾದ ಹಾಲು. ಜಗಲಿಯ ಮೇಲೆ ಕೂರಲೂ ಇಲ್ಲ.

"ಅಮ್ಮ, ಹೆಂಗ್ ಹೇಳ್ಬೇಕೋ ಗೊತ್ತಾಯ್ತಿಲ್ಲ. ನಿನ್ನೆ ಸಂಜೆದು ನಿಮ್ಮನೆ ಹಾಲು. ಅರ್ಧಕ್ಕರ್ಧ ನೀರು."

"ಯಾರ್ ಮನೆ ಆಲು ಅಂದೆ?"

"ನಿಮ್ದೇ. ಎರಡ್ ಸಲ ಗಾಜಿನ್ ಕಡ್ಡಿ ಅದ್ದಿ ಪರೀಕ್ಷೆ ಮಾಡ್ದೆ. ನಾನೇ ನಂಬ್ಲಿಲ್ಲ."

"ನಿನ್ ಗಾಜಿನ್ ಕಡ್ಡಿ ಕೆಟ್ಟೋಗದೆ. ಸಂಘ ಶುರುವಾದಾಗ ಮೊದಲ್ನೇ ಕ್ಯಾನು ಆಕ್ದೋಳು ನಾನು ಕಣಪ್ಪ!"

"ಅದಕ್ಕೇ ಮನೆ ಬಾಗ್ಲಿಗೆ ಬಂದೆ. ಸಂಘದ ರೂಲ್ಸು, ನಾನೇನ್ ಮಾಡ್ಲಿ? ಒಂದ್ ವಾರ ಹಾಲು ತಗೊಳಂಗಿಲ್ಲ, ಬೋರ್ಡಲ್ಲಿ ಹೆಸರು ಬರೀಬೇಕು." ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದವನು ತಿರುಗಿ ಕೇಳಿದ: "ಹುಡುಗರ ಕೈಲಿ ಯಾಕಮ್ಮ ಕಳಿಸ್ತೀರಿ?"

ಗುರುಬಸಮ್ಮ ಒಳಕ್ಕೆ ತಿರುಗಿದಳು. ಸಂಜೆ ಶಾಲೆ ಬಿಟ್ಟು ಬಂದ ಹುಡುಗರನ್ನು ಮುಂದೆ ನಿಲ್ಲಿಸಿಕೊಂಡು, "ದಾರೀಲಿ ಏನಾರ ಬೆರೆಸಿದ್ರೇನ್ರೋ?" ಎಂದಳು.

"ದಾರೀಲಿ ಏನೂ ಬೆರೆಸಿಲ್ಲ ಅಜ್ಜಿ," ಎಂದ ಹೇಮಂತ. ಅವನ ಕಣ್ಣು ನೆಲದ ಮೇಲಿತ್ತು. ಅವಳಿಗೆ ಇನ್ನೂ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಿದರೆ ಏನು ಹೊರಬೀಳುವುದೋ ಎಂದು ಬಿಟ್ಟಳು.

ಆ ಸಂಜೆ ನಯನ ವ್ಯಾನಿಳಿದು ಬಂದವಳು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು. "ಬೋರ್ಡಲ್ಲಿ ಮಾವನ ಹೆಸರು. ಸತ್ತು ಆರು ವರ್ಷ ಆದ್ರೂ ಖಾತೆ ಅವ್ರ ಹೆಸರಲ್ಲೇ ಅಲ್ವಾ? 'ಬಸವಯ್ಯ, ನೀರು' ಅಂತ ದಪ್ಪಕ್ಷರದಲ್ಲಿ. ವ್ಯಾನಲ್ಲಿದ್ದೋರೆಲ್ಲ ಓದ್ಕೊಂಡ್ರು."

ಗಂಡನ ಹೆಸರು ಕೇಳಿ ಗುರುಬಸಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಕರೆದೋನು ನಾನು," ಎಂದ ಮದನ. "ಕ್ಯಾನು ತುಂಬ ಕರೆದಿಟ್ಟು ಹುಲ್ಲಿಗೆ ಹೋದೆ."

"ಹಂಗಾದ್ರೆ ಡೇರಿಗೆ ತಗೊಂಡ್ಹೋದೋರು ಯಾರು?"

ಹುಡುಗರಿಬ್ಬರೂ ತಟ್ಟೆಯಿಂದ ತಲೆಯೆತ್ತಿದರು. ಗುರುಬಸಮ್ಮ, "ನಾನೇ," ಎಂದಳು.

ಮದನ ತಾಯಿಯನ್ನು ನೋಡಿದ, ಮತ್ತೆ ಉಪ್ಪುಸಾರಿನ ಕಡೆ ನೋಡಿದ. ನಯನ ದನಿ ತಗ್ಗಿಸಿ, "ಚೆಲ್ಲಿದ್ರೆ ಚೆಲ್ತು ಅನ್ನಿ ಅತ್ತೆ. ನಾವೇನು ಹೊಡೀತೀವಾ? ನೀರು ಯಾಕೆ ಹಾಕಕ್ಕೋದ್ರಿ?" ಎಂದಳು.

"ನಾನು ಆಕಿಲ್ಲ."

"ಮತ್ತೆ ಮಳೆ ಬಂದು ತುಂಬ್ತಾ?" ಎಂದ ಮದನ. ಕಿರಣ ಬಾಯಿ ತೆರೆಯಲು ಹೋಗಿ, ಅಣ್ಣ ಮೊಣಕೈಯಿಂದ ತಿವಿದದ್ದಕ್ಕೆ ಮುದ್ದೆ ನುಂಗಿಕೊಂಡ.

ಮುಂದಿನ ದಿನಗಳಲ್ಲಿ ಮನೆ ತುಂಬ ಹಾಲೇ ಹಾಲು. ಮೊಸರು, ಮಜ್ಜಿಗೆ, ಗಿಣ್ಣವಲ್ಲದ ಗಿಣ್ಣ. ಹುಡುಗರು ಹಾಲಿನ ಲೋಟ ಕಂಡರೆ ಹಿತ್ತಲಿಗೆ ಓಡುವಂತಾಯಿತು. ಪಕ್ಕದ ಮನೆಗೆ ಕೊಡೋಣವೆಂದರೆ ಅವರು, "ಬೇಡ ಕಣಕ್ಕ, ನಮ್ಮಲ್ಲೂ ಅದೆ," ಎಂದು ಬಾಗಿಲಲ್ಲೇ ಕಳಿಸಿದರು. ಬೆಳಗ್ಗೆ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತರೆ ಗುರುಬಸಮ್ಮ ಎರೆದದ್ದನ್ನೇ ಮರೆತು ಮತ್ತೆ ನೀರೆರೆಯುತ್ತಿದ್ದಳು. ಎರೆದ ನೀರು ಬೆರಳ ಸಂದಿಯಿಂದ ಮಡಿಲಿಗೆ ಹರಿಯುತ್ತಿತ್ತು. ಯಾರ ಮೇಲೆ ಆಣೆಯಿಟ್ಟಿದ್ದಳೋ ಅವನನ್ನೇ ಕೈಯಲ್ಲಿ ಹಿಡಿದು ಕೂತಿದ್ದಳು. ಪೂಜೆ ಮುಗಿದರೂ ಅರ್ಧ ರೊಟ್ಟಿಗಿಂತ ಹೆಚ್ಚು ಒಳಗಿಳಿಯದು. "ಮಂಡಿ ನೋವು" ಎನ್ನುವಳು. ನಯನ ಶನಿವಾರ ಫೋನಿನಲ್ಲಿ ತನ್ನ ತಾಯಿ ಮಲ್ಲಾಜಮ್ಮನಿಗೆ, "ಮುಂದಿನ್ ವಾರ ಕಳೆದ್ರೆ ರಜೆ ಶುರು ಅವ್ವ. ಕಿರಣನ್ನ ಕರ್ಕೊಂಡು ಬತ್ತೀನಿ. ಟಿ.ಸಿ. ಆಮೇಲೆ ತರೋಣ," ಎನ್ನುತ್ತಿದ್ದುದು ಒಳಮನೆಗೂ ಕೇಳಿಸಿತು.

ಸೋಮವಾರ ಬೆಳಗ್ಗೆ ಗಿಂಡಿ ತುಂಬಲು ಬಿಂದಿಗೆಯ ಬಟ್ಟೆ ಬಿಚ್ಚಿದ ಗುರುಬಸಮ್ಮ ಬಗ್ಗಿ ನೋಡಿದಳು. ಅರ್ಧದಷ್ಟಾದರೂ ಇರಬೇಕಾದ ನೀರು ತಳದಲ್ಲಿತ್ತು. ಬಟ್ಟೆಯ ಗಂಟು ತಾನು ಹಾಕುವ ಗಂಟಲ್ಲ. ಶೂಸಿನ ದಾರಕ್ಕೆ ಹಾಕುವ ಗಂಟು.

ನಯನಳ ವ್ಯಾನು ಹೋಗಿತ್ತು. ಹೇಮಂತ ಹಿತ್ತಲಲ್ಲಿದ್ದ. ಅವಳು ಕಿರಣನನ್ನು ಮಡಿಲಿಗೆಳೆದು ಚಟ್ನಿ ಸವರಿದ ರೊಟ್ಟಿಯ ತುತ್ತನ್ನು ಬಾಯಿಗಿಟ್ಟು, "ಬಿಂದಿಗೆ ನೀರು ಏನಾಯ್ತು ಮಗ?" ಎಂದಳು.

"ಆಲಿಗೆ ಆಕ್ದೋ."

"ಯಾಕಪ್ಪ?"

"ಕ್ಯಾನು ಬಿದ್ದೋಯ್ತಲ್ಲ, ಅರ್ಧ ಚೆಲ್ಲೋಯ್ತು. ಅಣ್ಣ ಬೋರ್ ನೀರು ಆಕವ ಅಂದ. ನಾನೇ ಬೇಡ ಅಂದೆ." ಅವನು ಹೆಮ್ಮೆಯಿಂದ ಅಜ್ಜಿಯ ಗಲ್ಲ ಹಿಡಿದು ತಿರುಗಿಸಿಕೊಂಡ. "ಬೋರ್ ನೀರು ಆಕುದ್ರೆ ಮೋಸ. ಕಪಿಲೆ ನೀರು ಬಿದ್ದದ್ದೆಲ್ಲಾ ಶುದ್ಧ ಆಯ್ತದೆ ಅಂತ ನೀನೇ ಅಲ್ವಾ ಯೋಳಿದ್ದು?"

ಹೇಳಿದ್ದಳು. ದಿನಾ ಹೇಳುತ್ತಿದ್ದಳು.

"ಕ್ಯಾನು ಯಾಕ್ ಬಿತ್ತು?"

"ಲಾರಿ ಬಂತು." ಕಿರಣ ರೊಟ್ಟಿ ಅಗಿಯುತ್ತಾ ಹೇಳಿದ. "ನಾನು ಲೆಫ್ಟಲ್ಲಿದ್ನಾ, ಲಾರಿ ನನ್ ಕಡೆ ಬಂತು. ಪಾಂ ಅಂತು. ಅಣ್ಣ ಕ್ಯಾನು ಬುಟ್ಬುಟ್ಟು ನನ್ ಕೈ ಇಡ್ದು ಎಳ್ಕೊಂಡ. ಇಲ್ಲಿ." ತೋಳು ತೋರಿಸಿದ. ನೀಲಿ ಈಗ ಹಳದಿಗೆ ತಿರುಗಿತ್ತು. "ನನ್ ಒಂದ್ ಚಪ್ಲಿ ಲಾರಿ ಅಡೀಗ್ ಓಯ್ತು. ಅಣ್ಣ ತಂದ್ಕೊಟ್ಟ. ಏನೂ ಆಗಿಲ್ಲ ಚಪ್ಲೀಗೆ."

ಗುರುಬಸಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಹುಡುಗ ಬಾಯಿ ತೆರೆದು ಕಾದು, ಕೊನೆಗೆ ತಾನೇ ತುತ್ತು ಮುರಿದುಕೊಂಡ. ಹಿತ್ತಲ ಬಾಗಿಲಲ್ಲಿ ಹೇಮಂತ ನಿಂತಿದ್ದ.

"ಅಮ್ಮ ಒಡುದ್ರೂ ಯಾಕ್ಲಾ ಯೋಳ್ಲಿಲ್ಲ ನೀನು?"

"ಅಮ್ಮಂಗೆ ಯೋಳ್ಬೇಡಿ ಅಂದಿದ್ಯಲ್ಲಜ್ಜಿ," ಎಂದ ಅವನು.

ಅವತ್ತು ಗುರುಬಸಮ್ಮ ಪೂಜೆಗೆ ಕೂತು ಬಹಳ ಹೊತ್ತು ಏಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಾಲು ಹಾಕಿದವಳು ತಾನೆಂದು ಮನೆಯವರು ನಂಬಿಯಾಗಿತ್ತು. ಹೇಳಿದರೆ, ಸೊಸೆ ಆಡಿದ ಮಾತು ಆಡಿದ್ದೇ. ಮಧ್ಯಾಹ್ನ ಕೋಲೂರಿಕೊಂಡು ರಸ್ತೆಯ ಅಂಚಿಗೆ ಹೋಗಿ, ನಾಲ್ಕು ಟಿಪ್ಪರು ದಾಟುವವರೆಗೆ ನಿಂತು, ಐದನೆಯದು ಬರುವ ಮೊದಲು ಆಚೆಗೆ ಹೋದಳು. ಇಂಥಾ ಜಾಗಕ್ಕೆ ಬೆಲ್ಲದಚ್ಚು ಕೊಟ್ಟು ಕಳಿಸುತ್ತಿದ್ದೆನಲ್ಲ!

ಚಲುವಯ್ಯ ಪೂರ್ತಿ ಕೇಳಿ ಬೋರ್ಡು ಒರೆಸುವ ಬಟ್ಟೆ ಕೈಗೆತ್ತಿಕೊಂಡ. "ಕಪಿಲೆ ನೀರೇ ಆದ್ರೂ ಅಮ್ಮ, ಈ ಗಾಜಿನ್ ಕಡ್ಡಿಗೆ ಭಕ್ತಿ ಇಲ್ವಲ್ಲ," ಎಂದು ನಕ್ಕ. ಅವಳು ನಗದಿದ್ದುದನ್ನು ಕಂಡು, ಬಸವಯ್ಯನ ಹೆಸರನ್ನು ಮೆಲ್ಲಗೆ ಒರೆಸಿದ. "ನಾಳೆಯಿಂದ ಹಾಲು ತನ್ನಿ. ಹುಡುಗರನ್ನ ಮಾತ್ರ ಕಳಿಸ್ಬೇಡಿ."

ಸಂಜೆ ನಯನ ಬಂದು ಕೈಕಾಲು ತೊಳೆದು ಕೂತಳು. ಗುರುಬಸಮ್ಮ ಕಾಫಿ ಲೋಟ ಕೊಡುತ್ತಲೇ, ನಿಂತುಕೊಂಡೇ, ಆಣೆಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವನ್ನೂ ಹೇಳಿದಳು. ಮಂಡಿ ನೋವು ಎಂಬುದನ್ನು ಮಾತ್ರ ಹೇಳಲಿಲ್ಲ, ಹೇಳಿದರೆ ನೆಪವಾಗುತ್ತಿತ್ತು.

ನಯನ ಲೋಟವನ್ನು ಕೆಳಗಿಟ್ಟಳು. "ಲಾರಿ?" ಎಂದಳು. ಮತ್ತೆ, "ಲಾರಿ ಬಂದಿತ್ತಾ?" ಎಂದಳು. ಎದ್ದು ಒಳಗೆ ಹೋಗಿ ಟ್ರಂಕಿನ ಮೇಲಿನ ಬ್ಯಾಗನ್ನು ಸರಕ್ಕನೆ ಎಳೆದಳು. "ನಂಬಿದ್ದೆ ನಿಮ್ಮನ್ನ! ದೇವ್ರ ಮೇಲೆ ಆಣೆ ಇಟ್ಟೋರ್ನ ನಂಬ್ದೆ ಯಾರ್ನ ನಂಬ್ಲಿ ನಾನು?" ಕಿರಣನ ಅಂಗಿ, ಚಡ್ಡಿ ಒಂದೊಂದಾಗಿ ಬ್ಯಾಗಿಗೆ ಬೀಳತೊಡಗಿದವು. ಮದನ ಏನೋ ಹೇಳಲು ಹೋದ, "ನೀವು ಸುಮ್ನಿರಿ, ಹುಲ್ಲು ಕುಯ್ಯೋಕೋದೋರು!" ಎಂಬ ಮಾತಿಗೆ ಅಲ್ಲೇ ನಿಂತ.

"ಕಳ್ಸು ಮಗಳೇ," ಎಂದಳು ಗುರುಬಸಮ್ಮ. "ನಾನು ಬ್ಯಾಡ ಅನ್ನಲ್ಲ, ಅನ್ನೋ ಬಾಯಿಲ್ಲ ನಂಗೆ. ಆದ್ರೆ ಒಬ್ಬನ್ನೇ ಕಳಸ್ಬ್ಯಾಡ. ಇಬ್ರನ್ನೂ ಕಳ್ಸು."

"ಇಬ್ರನ್ನೂ?"

"ನರಸೀಪುರದಲ್ಲೂ ರಸ್ತೆ ಅದೆ, ಒಳೆ ಅದೆ. ಅಲ್ಲಿ ಅವನ್ ತೋಳು ಇಡಿಯೋರು ಯಾರು?"

ನಯನ ಮಡಿಸುತ್ತಿದ್ದ ಅಂಗಿ ಕೈಯಲ್ಲೇ ಉಳಿಯಿತು. ಅವಳು ನಿಧಾನವಾಗಿ ಬಾಗಿಲ ಕಡೆ ತಿರುಗಿದಳು. ಹುಡುಗರಿಬ್ಬರೂ ಹೊಸ್ತಿಲ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು.

"ಹೇಮಂತ, ಬಾ ಇಲ್ಲಿ."

ಅವನು ಬೆನ್ನನ್ನು ಗೋಡೆಯ ಕಡೆ ಮಾಡಿಕೊಂಡು ಬಂದ. ನಯನ ಕಿರಣನ ಅಂಗಿಯ ತೋಳು ಮೇಲಕ್ಕೆ ಸರಿಸಿ, ಹೇಮಂತನ ಬಲಗೈ ಹಿಡಿದು, ಅವನ ಬೆರಳುಗಳನ್ನು ಆ ಹಳದಿ ಗುರುತುಗಳ ಮೇಲೆ ಒಂದೊಂದಾಗಿ ಇಟ್ಟಳು. ನಾಲ್ಕೂ ಸರಿಯಾಗಿ ಕೂತವು.

"ನೋಯ್ತದಾ?" ಎಂದಳು.

"ಈಗ ಇಲ್ಲ," ಎಂದ ಕಿರಣ.

ಅವಳು ಕೇಳಿದ್ದು ಅವನನ್ನಲ್ಲ. ದೊಡ್ಡವನನ್ನು ತಿರುಗಿಸಿ, ಬುಧವಾರ ಬೆಳಗ್ಗೆ ತಾನು ಹೊಡೆದಿದ್ದ ಬೆನ್ನಿನ ಮೇಲೆ ಅಂಗೈ ಇಟ್ಟಳು. ಒಂಬತ್ತು ವರ್ಷದ ಹುಡುಗ ಅದುವರೆಗೆ ತಡೆದಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಅತ್ತ. ಅಣ್ಣ ಅತ್ತದ್ದನ್ನು ನೋಡಿ ಕಿರಣನೂ ಕಾರಣವಿಲ್ಲದೆ ದನಿ ಸೇರಿಸಿದ.

ಮುದ್ದೆ ಆರಿದ ಮೇಲೆ ಎಲ್ಲರೂ ಊಟಕ್ಕೆ ಕೂತರು. ನಯನ ಅತ್ತೆಯ ಜೊತೆ ಮಾತಾಡಲಿಲ್ಲ. ಆದರೆ ಅವಳ ತಟ್ಟೆಗೆ ಬಡಿಸುವಾಗ, ಅರ್ಧ ಸಾಕೆಂದು ಅಡ್ಡವಿಟ್ಟ ಕೈಯನ್ನು ಸರಿಸಿ ಇಡೀ ಮುದ್ದೆ ಇಟ್ಟಳು. ಊಟವಾದ ಮೇಲೆ ತಾಯಿಗೆ ಫೋನು ಮಾಡಿದಳು.

"ಅವ್ವ, ರಜಕ್ಕೆ ಬತ್ತೀವಿ. ಇಬ್ರೂ ಬತ್ತಾರೆ, ಒಟ್ಟಿಗೇ ವಾಪಸ್ ಬತ್ತಾರೆ."

"ಇಬ್ರೂನಾ?" ಎಂಬ ಮಲ್ಲಾಜಮ್ಮನ ಗಾಬರಿ ಮನೆಯವರಿಗೆಲ್ಲ ಕೇಳಿಸಿತು. "ಎಷ್ಟ್ ದಿನಕ್ಕವ್ವಾ?"

ಮಾರನೆಯ ದಿನದಿಂದ ಮನೆಯ ಕ್ರಮ ಬದಲಾಯಿತು. ವ್ಯಾನು ನಯನಳನ್ನು ಇಳಿಸುವುದು ಡೇರಿಯ ಮುಂದೆಯೇ. ಡೇರಿ ಮುಚ್ಚುವುದು ಆರೂವರೆಗೆ. ಹಸುವನ್ನು ಸ್ವಲ್ಪ ತಡವಾಗಿ ಕರೆಯುವುದು. ಅವಳು ರಸ್ತೆ ದಾಟಿ ಬಂದು, ಬ್ಯಾಗು ಕೊಟ್ಟು, ಕ್ಯಾನು ತೆಗೆದುಕೊಂಡು ಮತ್ತೆ ದಾಟುವುದು. ಹದಿನೈದು ನಿಮಿಷದ ಕೆಲಸ. ಇಡೀ ದಿನ ಮೆಷಿನ್ನಿನ ಮುಂದೆ ಕೂತ ಸೊಂಟಕ್ಕೆ ಅದು ಹೆಚ್ಚೇ. ಗುರುಬಸಮ್ಮ ಹಾಗೆಂದಾಗ, "ನಿಮ್ ಮಂಡಿಗಿಂತ ಪರವಾಗಿಲ್ಲ ಬಿಡಿ," ಎಂದಳು. ಒಂದು ದಿನ ಬಿಟ್ಟು ಆಡಿದ ಮೊದಲ ಮಾತು ಅದು.

ಆ ಸಂಜೆ ಗುರುಬಸಮ್ಮ ಜಗಲಿಯ ಅಂಚಿನಲ್ಲಿ ಕೂತಿದ್ದಳು. ಬಲಗೈಯಲ್ಲಿ ಹೇಮಂತ, ಎಡಗೈಯಲ್ಲಿ ಕಿರಣ. ಒಳಗೆ ಎಸರು ಕುದಿದು ಉಕ್ಕುವ ಸದ್ದು ಕೇಳುತ್ತಿತ್ತು. ಉಕ್ಕಲಿ ಎಂದು ಬಿಟ್ಟಿದ್ದಳು. ನಯನ ಕ್ಯಾನು ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಳು. ತಗಡೂರಿನ ಕಡೆಯಿಂದ ಟಿಪ್ಪರೊಂದು ಬಂತು, ಅದರ ಬಾಲ ಹಿಡಿದ ಹಾಗೆ ಇನ್ನೊಂದು. ಧೂಳೆದ್ದು ಆಚೆಯ ಡೇರಿಯೂ ಕಾಣಲಿಲ್ಲ, ಈಚೆಯ ಸೊಸೆಯೂ ಕಾಣಲಿಲ್ಲ. ಗುರುಬಸಮ್ಮನ ತುಟಿ "ಶಿವಾ, ಶಿವಾ" ಎಂದಾಡುತ್ತಿತ್ತು.

ಧೂಳು ಕೂತಿತು.

"ಅಮ್ಮ ದಾಟುದ್ಲು ಅಜ್ಜಿ," ಎಂದ ಕಿರಣ, ಕೈ ಬಿಡಿಸಿಕೊಳ್ಳುತ್ತಾ.

ಗುರುಬಸಮ್ಮ ಕೈ ಬಿಡಲಿಲ್ಲ. ವಾಪಸು ಬರುವುದು ಇನ್ನೂ ಬಾಕಿ ಇತ್ತು.